ಪಾಸಮ್‌ಗೆ ಬಿಸ್ಕೆಟ್ ಕೊಡುತ್ತಾರೆ, ನಂದಿಯ ಪಿಕಳಾರಕ್ಕೆ ನಾವೇನು ಕೊಡೋಣ?

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರಾಜೆಕ್ಟ್‌ಗಾಗಿ ಆಸ್ಟ್ರೇಲಿಯಾದ ಮೌಂಟನ್ ಪಿಗ್ಮಿ ಪಾಸಮ್ ಎಂಬ ಪುಟ್ಟ ಹೊಟ್ಟೆಚೀಲದ ಪ್ರಾಣಿ ಮತ್ತು ನಮ್ಮ ನಂದಿ ಬೆಟ್ಟದ ಹಳದಿ ಕತ್ತಿನ ಪಿಕಳಾರ, ಎರಡನ್ನೂ ಹೋಲಿಸಿ ಬರೆದಿದ್ದಾಳೆ. ಎರಡೂ ಬಂಡೆಗಳ ನಡುವೆ ಬದುಕುತ್ತವೆ, ಎರಡಕ್ಕೂ ಕುತ್ತು ಬಂದಿದೆ ಅನ್ನುವುದು ಅವಳ ಮಾತು. ನಮ್ಮ ಇನ್ನೊಬ್ಬ ಮೇಷ್ಟ್ರು ‘ಹೊಟ್ಟೆಚೀಲದ ಪ್ರಾಣಿಗೂ ಹಾಡುವ ಹಕ್ಕಿಗೂ ಎಲ್ಲಿಯ ಸಂಬಂಧ’ ಅಂತಾರೆ. ಹೋಲಿಕೆ ಸರಿಯೇ? ಅಳಿವಿನಂಚಿನ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ಪಾಸಮ್ ‘ತೀವ್ರ ಅಪಾಯ’ದ ಮೆಟ್ಟಿಲಲ್ಲಿದೆ, ನಮ್ಮ ಹಕ್ಕಿ ಎರಡು ಮೆಟ್ಟಿಲು ಕೆಳಗಿದೆ. ಹಾಗಾದರೆ ನಮ್ಮದು ಕ್ಷೇಮವಾಗಿದೆ ಅಂತಲೇ? ಅಲ್ಲಿ ಪಾಸಮ್‌ಗೋಸ್ಕರ ಸುರಂಗ ಕಟ್ಟಿದ್ದಾರೆ, ಬಿಸ್ಕೆಟ್ ಮಾಡಿ ಹಾಕುತ್ತಾರೆ ಎಂದು ಓದಿದೆವು. ನಾವೂ ಬೆಟ್ಟದ ಮೇಲೆ ಹಣ್ಣಿನ ತಟ್ಟೆ ಇಡಬಹುದೇ? ಕೊನೆಗೆ ಇನ್ನೊಂದು. ನಮ್ಮ ಬೆಟ್ಟದ ಗುಂಡುಗಳ ಸಂದಿನಲ್ಲಿ ಅಳಿಲಿನಂಥ, ಆದರೆ ಚೂಪು ಮೂತಿಯ ಪ್ರಾಣಿಯೊಂದು ಓಡಾಡುತ್ತದೆ. ಅದೂ ಹೊಟ್ಟೆಚೀಲದ ಜಾತಿಯೇ ಎಂದು ಮಕ್ಕಳು ಕೇಳುತ್ತಿದ್ದಾರೆ.

ಉತ್ತರ: ಹೋಲಿಕೆ ಸರಿಯಾಗಿದೆ ಮೇಷ್ಟ್ರೇ. ದಯವಿಟ್ಟು ಆ ಹುಡುಗಿಗೆ ಮಾರ್ಕ್ಸ್ ಕತ್ತರಿಸಬೇಡಿ. ಮೈಕಟ್ಟಿನ ಲೆಕ್ಕದಲ್ಲಿ ನಿಮ್ಮ ಸಹೋದ್ಯೋಗಿ ಹೇಳುವುದು ನಿಜವೇ. ಒಂದು ಮರಿಯನ್ನು ಚೀಲದಲ್ಲಿಟ್ಟು ಹಾಲೂಡಿಸುತ್ತದೆ, ಇನ್ನೊಂದು ಮೊಟ್ಟೆ ಇಡುತ್ತದೆ. ಆದರೆ ಹುಡುಗಿ ಹೋಲಿಸಿರುವುದು ಅವುಗಳ ಮನೆಯನ್ನು. ಸಂರಕ್ಷಣೆ ಮಾಡುವವರು ಮೊದಲು ನೋಡುವುದೂ ಅದನ್ನೇ. ಆದರೆ ‘ಎರಡೂ ಬಂಡೆಯಲ್ಲಿ ಬದುಕುತ್ತವೆ’ ಎಂದು ಬರೆದು ಅವಳು ಅಲ್ಲಿಗೇ ನಿಲ್ಲಿಸಿದ್ದರೆ ಇನ್ನೂ ಸ್ವಲ್ಪ ಮುಂದೆ ಹೋಗಲು ಹೇಳಿ. ಬಂಡೆ ಒಂದೇ ಇರಬಹುದು, ಅದರಿಂದ ಅವೆರಡಕ್ಕೂ ಸಿಗುವುದು ಬೇರೆ ಬೇರೆ. ಆ ವ್ಯತ್ಯಾಸ ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ.

ಮೊದಲು ಪಾಸಮ್. ಇದರ ಕಥೆಯೇ ವಿಚಿತ್ರ. 1895ರಲ್ಲಿ ರಾಬರ್ಟ್ ಬ್ರೂಮ್ ಎಂಬ ವಿಜ್ಞಾನಿ ನ್ಯೂ ಸೌತ್ ವೇಲ್ಸ್‌ನ ವೊಂಬಿಯನ್ ಗವಿಗಳ ಹತ್ತಿರ ಸಿಕ್ಕ ಪುಟ್ಟ ಮೂಳೆಗಳನ್ನು ನೋಡಿ ಇದಕ್ಕೆ ಹೆಸರಿಟ್ಟ. ಎಂದೋ ಅಳಿದುಹೋದ ಪ್ರಾಣಿ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1966ರಲ್ಲಿ ವಿಕ್ಟೋರಿಯಾದ ಮೌಂಟ್ ಹಾಥಮ್‌ನಲ್ಲಿ, ಹಿಮದಲ್ಲಿ ಜಾರುವ ಆಟಕ್ಕೆ ಬಂದವರು ಉಳಿದುಕೊಳ್ಳುವ ಒಂದು ವಸತಿಗೃಹದೊಳಗೆ ಅದು ಜೀವಂತವಾಗಿ ಸಿಕ್ಕಿತು. ಮೈ ಉದ್ದ ಸುಮಾರು 11 ಸೆಂಟಿಮೀಟರ್, ಬಾಲ ಅದಕ್ಕಿಂತ ಉದ್ದ. ತೂಕ 45 ಗ್ರಾಂ ಆಸುಪಾಸು, ಅಂದರೆ ಒಂದು ದಪ್ಪ ನಿಂಬೆಹಣ್ಣಿನಷ್ಟು. ಇಷ್ಟು ಸಣ್ಣ ಪ್ರಾಣಿ ಒಂದೆರಡು ವರ್ಷದಲ್ಲಿ ಮುಗಿದುಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಹೆಣ್ಣು ಪಾಸಮ್ ಹತ್ತು ವರ್ಷ ದಾಟಿ ಬದುಕಿದ್ದೂ ಉಂಟು. ಗಂಡು ಅಷ್ಟು ದಿನ ಬಾಳುವುದಿಲ್ಲ. ಹೆಣ್ಣಿಗೆ ವರ್ಷಕ್ಕೆ ಒಂದೇ ಸೂಲು, ಮೊಲೆ ನಾಲ್ಕೇ. ಹಾಗಾಗಿ ನಾಲ್ಕಕ್ಕಿಂತ ಜಾಸ್ತಿ ಮರಿ ಉಳಿಯುವ ಮಾತಿಲ್ಲ.

ಇದಕ್ಕೆ ಬಂಡೆ ಯಾಕೆ ಬೇಕು? ಚಳಿಗಾಲ ಕಳೆಯುವುದಕ್ಕೆ. ಆಸ್ಟ್ರೇಲಿಯಾದ ಆಲ್ಪ್ಸ್ ಬೆಟ್ಟಗಳ ನೆತ್ತಿಯಲ್ಲಿ ಕಲ್ಲುಗುಂಡುಗಳು ರಾಶಿಬಿದ್ದ ಜಾಗಗಳಿವೆ. ಶರತ್ಕಾಲದೊಳಗೆ ಪಾಸಮ್ ತಿಂದು ತಿಂದು ತೂಕವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಳ್ಳುತ್ತದೆ. ಆಮೇಲೆ ಗುಂಡುಗಳ ಆಳಕ್ಕೆ ಇಳಿದು, ಉಂಡೆಯಾಗಿ ಮುದುಡಿ ಮಲಗುತ್ತದೆ. ಆ ನಿದ್ದೆ ಏಳು ತಿಂಗಳವರೆಗೂ ಎಳೆಯಬಹುದು. ಮಧ್ಯೆ ಮಧ್ಯೆ ಎಚ್ಚರವಾಗುತ್ತದೆ, ಮತ್ತೆ ಮಲಗುತ್ತದೆ. ಮಲಗಿದಾಗ ಮೈಯ ಬಿಸಿ 2 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುತ್ತದೆ. ಮೇಲೆ ಹಿಮ ದಪ್ಪಗೆ ಬಿದ್ದಿದ್ದರೆ ಕೆಳಗಿನ ಸಂದಿನಲ್ಲಿ ಚಳಿ ಒಂದೇ ಸಮ ಇರುತ್ತದೆ, ಮಿತಿ ಮೀರುವುದಿಲ್ಲ. ಹಿಮ ತೆಳುವಾದರೆ ಹೊರಗಿನ ಕೊರೆಯುವ ಚಳಿ ನೇರವಾಗಿ ಒಳಗೆ ಇಳಿಯುತ್ತದೆ. ಪಾಸಮ್ ಮತ್ತೆ ಮತ್ತೆ ಎಚ್ಚರಗೊಳ್ಳುತ್ತದೆ. ಒಂದೊಂದು ಸಲ ಎಚ್ಚರವಾದಾಗಲೂ ಕೂಡಿಟ್ಟ ಕೊಬ್ಬು ಕರಗುತ್ತದೆ. ಹವಾಮಾನ ಬಿಸಿಯಾಗುವುದರಿಂದ ಈ ಪ್ರಾಣಿ ಚಳಿಗೆ ಸಾಯುವ ಪರಿಸ್ಥಿತಿ ಬಂದಿದೆ! ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ, ಅವರಿಗೆ ಮಜಾ ಅನ್ನಿಸುತ್ತದೆ.

ಇನ್ನು ಊಟದ ವಿಚಾರ. ವಸಂತಕ್ಕೆ ಹಸಿದು ಎದ್ದಾಗ ಅದಕ್ಕೆ ಸಿಗುವ ದೊಡ್ಡ ಊಟ ಬೊಗಾಂಗ್ ಪತಂಗ. ಕ್ವೀನ್ಸ್‌ಲ್ಯಾಂಡ್ ಕಡೆಯ ಬಯಲುಗಳಲ್ಲಿ ಹುಟ್ಟುವ ಈ ಪತಂಗಗಳು ಸಾವಿರ ಕಿಲೋಮೀಟರ್‌ವರೆಗೂ ರಾತ್ರಿ ಹೊತ್ತು ಹಾರಿ, ಬೇಸಿಗೆ ಕಳೆಯಲು ಇದೇ ಬೆಟ್ಟಗಳ ಗವಿ, ಬಿರುಕುಗಳಿಗೆ ಬಂದು ಸೇರುತ್ತವೆ. ಮೈತುಂಬ ಕೊಬ್ಬು. 2017ರ ನಂತರದ ಬರಗಾಲದಲ್ಲಿ ಈ ಪತಂಗಗಳ ಸಂಖ್ಯೆ ಏಕಾಏಕಿ ಕುಸಿಯಿತು. ಬೆಟ್ಟದಲ್ಲಿ ತಾಯಿಗೆ ಊಟವಿಲ್ಲ, ಚೀಲದಲ್ಲಿ ಮರಿಗಳಿಗೆ ಹಾಲಿಲ್ಲ. ಎಷ್ಟೋ ಕಡೆ ಮರಿಗಳು ಚೀಲದಲ್ಲೇ ಸತ್ತವು. ನೂರಾರು ಕಿಲೋಮೀಟರ್ ಆಚೆ ಮಳೆ ತಪ್ಪಿದ್ದಕ್ಕೆ ಬೆಟ್ಟದ ನೆತ್ತಿಯಲ್ಲಿ ಮರಿ ಸತ್ತಿತು. 2021ರಲ್ಲಿ ಆ ಪತಂಗವನ್ನೇ ಅಪಾಯದ ಪಟ್ಟಿಗೆ ಸೇರಿಸಬೇಕಾಯಿತು. ದಾರಿಯಲ್ಲಿನ ಊರುಗಳ ದೀಪಕ್ಕೆ ಪತಂಗ ಮರುಳಾಗಿ ದಿಕ್ಕು ತಪ್ಪುತ್ತದೆ ಎಂದು, ವಲಸೆಯ ತಿಂಗಳುಗಳಲ್ಲಿ ಹೊರಗಿನ ಬೇಡದ ದೀಪ ಆರಿಸಿ ಎಂಬ ಅಭಿಯಾನವೂ ಅಲ್ಲಿ ನಡೆಯುತ್ತದೆ.

ಈಗ ನಮ್ಮ ಬೆಟ್ಟಕ್ಕೆ ಬರೋಣ.

ಹಳದಿ ಕತ್ತಿನ ಪಿಕಳಾರ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇಲ್ಲೂ ಎಲ್ಲ ಕಡೆ ಇಲ್ಲ. ಕಲ್ಲುಗುಂಡುಗಳ ಬೆಟ್ಟ ಬೇಕು, ಆ ಗುಂಡುಗಳ ನಡುವೆ ಕುರುಚಲು ಪೊದೆ ಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಅದು ಅಲ್ಲಿ ನಿಲ್ಲುವುದಿಲ್ಲ. ನಂದಿ ಬೆಟ್ಟ, ತುಮಕೂರಿನ ದೇವರಾಯನದುರ್ಗ, ಕೋಲಾರದ ಅಂತರಗಂಗೆ ನಮ್ಮ ಸೀಮೆಯಲ್ಲಿ ಹೆಸರಾದ ಜಾಗಗಳು. ಆಚೆಗೆ ಸಾವನದುರ್ಗ, ರಾಮನಗರ, ದರೋಜಿ, ಆಂಧ್ರದ ಹಾರ್ಸ್‌ಲಿ ಬೆಟ್ಟ, ತಮಿಳುನಾಡಿನ ಸೆಂಜಿ, ಕೇರಳದ ಚಿನ್ನಾರ್. ಹೀಗೆ ಅಲ್ಲೊಂದು ಇಲ್ಲೊಂದು ಬೆಟ್ಟ ಹಿಡಿದು ಕೂತಿದೆ. ನಡುವಿನ ಬಯಲಲ್ಲಿ, ರಾಗಿ ಹೊಲದಲ್ಲಿ, ಹಿಪ್ಪುನೇರಳೆ ತೋಟದಲ್ಲಿ ಕಾಣುವುದು ತೀರಾ ಅಪರೂಪ. ಊರೊಳಗೆ ಕಿರುಚಾಡಿಕೊಂಡು ತಿರುಗುವ, ಬಾಲದ ಬುಡ ಕೆಂಪಗಿರುವ ಪಿಕಳಾರ ಇದರ ನೆಂಟನೇ. ಆದರೆ ಸ್ವಭಾವ ಬೇರೆ. ಅದಕ್ಕೆ ಎಲ್ಲಿಯಾದರೂ ಆದೀತು. ಇದಕ್ಕೆ ಆಗುವುದಿಲ್ಲ.

ಗುರುತು ಹಿಡಿಯುವುದನ್ನು ಮಕ್ಕಳಿಗೆ ಹೇಳಿಕೊಡಿ. ಸುಮಾರು 20 ಸೆಂಟಿಮೀಟರ್ ಹಕ್ಕಿ. ತಲೆಯ ಮೇಲೆ ಜುಟ್ಟು ಇಲ್ಲ. ಬೆನ್ನು ಬೂದು ಬೆರೆತ ಮಾಸಲು ಹಸಿರು, ಎದೆ ಹೊಟ್ಟೆ ಬೂದು. ತಲೆ ಮತ್ತು ಕತ್ತು ಹಳದಿ, ಕತ್ತಿನ ಮುಂಭಾಗವಂತೂ ಎದ್ದು ಕಾಣುವ ಹಳದಿ. ಬಾಲದ ಬುಡದ ಕೆಳಗೂ ಹಳದಿ, ಬಾಲದ ತುದಿಯಲ್ಲಿ ತಿಳಿ ಅಂಚು. ಹೆಚ್ಚು ಜನ ಮೋಸಹೋಗುವುದು ಬಿಳಿ ಹುಬ್ಬಿನ ಪಿಕಳಾರದ ಹತ್ತಿರ. ಅದೂ ಇದೇ ಪೊದೆಗಳಲ್ಲಿ ಇರುತ್ತದೆ, ಅದಕ್ಕೂ ಸ್ವಲ್ಪ ಹಳದಿ ಛಾಯೆ ಇದೆ. ಆದರೆ ಅದರ ಕಣ್ಣಿನ ಮೇಲೆ ಬಿಳಿ ಹುಬ್ಬು ಇರುತ್ತದೆ. ಹುಬ್ಬು ಕಂಡರೆ ನಾವು ಹುಡುಕುತ್ತಿರುವ ಹಕ್ಕಿ ಅಲ್ಲ, ಅಷ್ಟೇ. ಬೆಳಗ್ಗೆ ಬೇಗ ಹೋಗಿ. ನಾಚಿಕೆಯ ಹಕ್ಕಿ ಇದು. ಬಿಸಿಲೇರಿದ ಮೇಲೆ ಪೊದೆಯೊಳಗೆ ಸೇರಿಕೊಂಡರೆ ದನಿ ಮಾತ್ರ ಕೇಳುತ್ತದೆ.

ಇದಕ್ಕೆ ಬಂಡೆ ಯಾಕೆ ಬೇಕು? ಪಾಸಮ್‌ಗೆ ಬಂಡೆಯ ಒಳಗು ಬೇಕು. ಪಿಕಳಾರಕ್ಕೆ ಬಂಡೆಯಿಂದಾಗಿ ಅದರ ಸುತ್ತ ಬೆಳೆಯುವುದು ಬೇಕು. ಮಳೆ ಬಿದ್ದಾಗ ಗುಂಡಿನ ಮೇಲಿನ ನೀರೆಲ್ಲ ಜಾರಿ ಬುಡಕ್ಕೆ ಸೇರುತ್ತದೆ. ಅಲ್ಲಿ ಹಿಡಿಯಷ್ಟು ಮಣ್ಣು ನಿಂತಿದ್ದರೂ ಸಾಕು, ಒಂದು ಬಸರಿಯೋ ಗೋಣಿಯೋ ಬೇರು ಬಿಡುತ್ತದೆ. ಬೋರೆ, ಕವಳಿ, ಗಂಧದ ಗಿಡ ಏಳುತ್ತವೆ. ಮೇಯುವ ಆಡಿನ ಬಾಯಿಗೂ ಹುಲ್ಲಿಗೆ ಬಿದ್ದ ಬೆಂಕಿಗೂ ಈ ಸಂದುಗಳು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಒಂದು ಗಿಡದ ಹಣ್ಣು ಮುಗಿಯುವಷ್ಟರಲ್ಲಿ ಇನ್ನೊಂದರದು ಶುರು. ಹಣ್ಣಿಲ್ಲದಾಗ ಹುಳು ಹುಪ್ಪಟೆ. ಹಕ್ಕಿ ಹಣ್ಣು ತಿಂದು ಬೀಜವನ್ನು ಇನ್ನೊಂದು ಸಂದಿನಲ್ಲಿ ಉದುರಿಸುತ್ತದೆ. ಅಲ್ಲಿ ಮತ್ತೊಂದು ಗಿಡ. ನಂದಿಯ ಇಳಿಜಾರಿನಲ್ಲಿ ಒಂದು ಗುಂಡಿನ ಸುತ್ತ ಅರ್ಧ ಗಂಟೆ ಸುಮ್ನೆ ಕೂತು ನೋಡಿದರೆ ಈ ವ್ಯವಹಾರವೆಲ್ಲ ಕಣ್ಣೆದುರೇ ನಡೆಯುತ್ತದೆ.

ಪಟ್ಟಿಯ ಪ್ರಶ್ನೆಗೆ ಬರುತ್ತೇನೆ. ಪಾಸಮ್ ‘ತೀವ್ರ ಅಪಾಯ’ದಲ್ಲಿದೆ. ಪಿಕಳಾರ ‘ಅಪಾಯಕ್ಕೆ ತುತ್ತಾಗಬಲ್ಲ’ ಎಂಬ ಮೆಟ್ಟಿಲಲ್ಲಿದೆ. ಇದು ಪರೀಕ್ಷೆಯ ರ‍್ಯಾಂಕ್ ಪಟ್ಟಿಯಲ್ಲ. ಯಾವುದು ಎಷ್ಟು ಬೇಗ ಅಳಿಯಬಹುದು ಎಂಬ ಅಂದಾಜು ಮಾತ್ರ. ಪಾಸಮ್ ಮೇಲಿನ ಮೆಟ್ಟಿಲಲ್ಲಿರುವುದಕ್ಕೆ ದೊಡ್ಡ ಕಾರಣ ಜಾಗ. ಅದು ನಿಜವಾಗಿ ಬದುಕಬಲ್ಲ ಗುಂಡುರಾಶಿಗಳನ್ನೆಲ್ಲ ಕೂಡಿಸಿದರೂ 10 ಚದರ ಕಿಲೋಮೀಟರ್ ಆಗುವುದಿಲ್ಲ. ಅದೂ ಮೂರು ತುಂಡಾಗಿದೆ: ಕೊಸಿಯುಸ್ಕೊ, ಬೊಗಾಂಗ್–ಹಾಥಮ್ ಸೀಮೆ ಮತ್ತು ಮೌಂಟ್ ಬುಲ್ಲರ್. ಒಂದು ಕೆಟ್ಟ ವರ್ಷ, ಒಂದು ಕಾಳ್ಗಿಚ್ಚು ಸಾಕು, ಒಂದು ತುಂಡೇ ಹೋಗಬಹುದು. ನಮ್ಮ ಪಿಕಳಾರ ನಾಲ್ಕಾರು ರಾಜ್ಯಗಳ ಬೆಟ್ಟಗಳಲ್ಲಿ ಹರಡಿದೆ. ಎಲ್ಲ ಬೆಟ್ಟಗಳೂ ಒಂದೇ ವರ್ಷ ಹಾಳಾಗುವುದಿಲ್ಲ. ಆ ಕಾರಣಕ್ಕೆ ಅದು ಕೆಳಗಿನ ಮೆಟ್ಟಿಲು.

ಕ್ಷೇಮ ಅಂತ ಇದರರ್ಥ ಅಲ್ಲ. ನನಗೆ ಚಿಂತೆ ಇರುವುದೇ ಇಲ್ಲಿ. ಪಾಸಮ್ ಕಡಿಮೆಯಾದರೆ ಲೆಕ್ಕಕ್ಕೆ ಸಿಗುತ್ತದೆ. ಇರುವುದೇ ಮೂರು ಕಡೆ, ಪ್ರತಿ ವರ್ಷ ಹಿಡಿದು ಎಣಿಸಿ ಬಿಡುತ್ತಾರೆ. ಪಿಕಳಾರ ಹೋಗುವುದು ಹಾಗಲ್ಲ. ಈ ವರ್ಷ ಒಂದು ಗುಡ್ಡ ಕ್ವಾರಿಗೆ ಹೋಯಿತು, ಜಲ್ಲಿಯಾಯಿತು, ಎಂ ಸ್ಯಾಂಡ್ ಆಯಿತು. ಆ ಗುಡ್ಡದ ಹಕ್ಕಿಗಳ ಕಥೆ ಮುಗಿಯಿತು. ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಹೀಗೆ ಗುಡ್ಡ ಗುಡ್ಡ ಕಳೆದುಕೊಂಡು ಹೋಗಿ, ಹೆಸರು ಮೇಲಿನ ಮೆಟ್ಟಿಲಿಗೆ ಏರುವ ಹೊತ್ತಿಗೆ ತಡವಾಗಿರುತ್ತದೆ. ರಾಮನಗರದಿಂದ ಮಧುಗಿರಿ, ಪಾವಗಡದ ಕಡೆಗೆ ಹೋಗುವ ಗ್ರಾನೈಟ್ ಸಾಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಪುಡಿ ಮಾಡಿದ ಬೆಟ್ಟದ ಮೇಲೆ ಸಸಿ ನೆಡಬಹುದು, ಗುಂಡು ನೆಡುವುದಕ್ಕೆ ಆಗುವುದಿಲ್ಲ.

ಸುರಂಗ ಮತ್ತು ಬಿಸ್ಕೆಟ್ಟಿನ ಮಾತು. ಸುರಂಗ ನಿಜವಾಗಿಯೂ ಜಾಣತನದ ಕೆಲಸ. ಹೆಣ್ಣು ಪಾಸಮ್‌ಗಳು ಬೆಟ್ಟದ ಮೇಲಿನ ಒಳ್ಳೆಯ ಗುಂಡುರಾಶಿಗಳನ್ನು ಹಿಡಿದು ಕೂರುತ್ತವೆ. ಕೂಡುವ ಕಾಲ ಮುಗಿದ ಮೇಲೆ ಗಂಡುಗಳು ಕೆಳಗಿಳಿದು ಜಾಗ ಖಾಲಿ ಮಾಡಬೇಕು. ಮೌಂಟ್ ಹಿಗಿನ್‌ಬಾಥಮ್‌ನಲ್ಲಿ ರಸ್ತೆ, ಕಟ್ಟಡ ಅಡ್ಡ ಬಂದು ಗಂಡುಗಳು ಅಲ್ಲೇ ಉಳಿದವು. ಇರುವ ಊಟ, ಜಾಗಕ್ಕೆ ಪೈಪೋಟಿಯಾಗಿ ಚಳಿಗಾಲದಲ್ಲಿ ಹೆಣ್ಣುಗಳು ಸಾಯತೊಡಗಿದವು. 1985ರಲ್ಲಿ ರಸ್ತೆಯ ಅಡಿಯಲ್ಲಿ ದಾರಿ ಮಾಡಿ ಅದರೊಳಗೆ ಕಲ್ಲು ತುಂಬಿಸಿದರು. ಖಾಲಿ ಪೈಪು ಇಟ್ಟಿದ್ದರೆ ಪ್ರಾಣಿ ಹೆದರುತ್ತಿತ್ತು. ಕಲ್ಲು ಇದ್ದಿದ್ದರಿಂದ ಅದಕ್ಕೆ ತನ್ನ ಮನೆಯಂತೆಯೇ ಕಂಡಿತು. ಗಂಡುಗಳು ಅದರಲ್ಲಿ ಓಡಾಡಿದವು, ಹೆಣ್ಣುಗಳು ಉಳಿದುಕೊಳ್ಳುವುದು ಸುಧಾರಿಸಿತು. ಅಲ್ಲಿಯವರು ಅದನ್ನು ‘ಪ್ರೇಮದ ಸುರಂಗ’ ಅಂತ ತಮಾಷೆಯಾಗಿ ಕರೆಯುತ್ತಾರೆ.

ಮೌಂಟ್ ಬುಲ್ಲರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1996ರಲ್ಲಿ ಅಲ್ಲಿ ಪಾಸಮ್ ಪತ್ತೆಯಾದಾಗ ಸುಮಾರು 300 ಇದ್ದವು. ಹತ್ತು ಹನ್ನೆರಡು ವರ್ಷದಲ್ಲಿ ಹತ್ತನೇ ಒಂದು ಭಾಗಕ್ಕೆ ಇಳಿದವು. ಉಳಿದ ಕೆಲವೇ ಕೆಲವು ತಮ್ಮತಮ್ಮಲ್ಲೇ ಕೂಡಿ ಬಲಹೀನವಾದವು. 2011ರ ಹೊತ್ತಿಗೆ ಹಾಥಮ್ ಕಡೆಯ ಗಂಡುಗಳನ್ನು ತಂದು ಬಿಟ್ಟರು. ಬೆರಕೆ ಮರಿಗಳು ದಷ್ಟಪುಷ್ಟವಾಗಿ ಬೆಳೆದವು, ಸಂಖ್ಯೆ ಮತ್ತೆ ಇನ್ನೂರು ದಾಟಿತು. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಮಂದೆಯಲ್ಲಿ ಹೋತ ಬದಲಾಯಿಸದಿದ್ದರೆ ಏನಾಗುತ್ತದೆಂದು ಕುರಿ ಆಡು ಸಾಕಿದವರಿಗೆ ಗೊತ್ತು. 2019–20ರ ಕಾಳ್ಗಿಚ್ಚಿನ ನಂತರ ಪತಂಗದ ಸತ್ವಕ್ಕೆ ಹೊಂದುವಂತೆ ಬಿಸ್ಕೆಟ್ ತಯಾರಿಸಿ ಸುಟ್ಟ ಜಾಗಗಳಲ್ಲಿ ಇಟ್ಟರು. 2022ರಲ್ಲಿ ನ್ಯೂ ಸೌತ್ ವೇಲ್ಸ್‌ನ ಲಿತ್ಗೋ ಬಳಿ ಒಂದು ತಳಿ ಕೇಂದ್ರವೂ ಶುರುವಾಯಿತು. ಪಾಸಮ್‌ನ ಪೂರ್ವಜರು ತಗ್ಗಿನ ಮಳೆಕಾಡಿನಲ್ಲಿ ಬದುಕಿದ್ದಕ್ಕೆ ಪಳೆಯುಳಿಕೆಗಳ ಸಾಕ್ಷಿ ಇದೆ. ಹಾಗಾದರೆ ಇದನ್ನೂ ಹಿಮವಿಲ್ಲದ ತಗ್ಗಿಗೆ ನಿಧಾನವಾಗಿ ಒಗ್ಗಿಸಬಹುದೇ ಅನ್ನುವುದು ಅಲ್ಲಿನ ಪ್ರಯತ್ನ.

ಇದನ್ನೆಲ್ಲ ಓದಿ ಹೊಟ್ಟೆಕಿಚ್ಚು ಪಡಬೇಡಿ ಮೇಷ್ಟ್ರೇ. ಇವೆಲ್ಲ ಬೇರೆ ದಾರಿ ಮುಚ್ಚಿದ ಮೇಲೆ ಮಾಡಿದ ಕೆಲಸ. ಬಿಸ್ಕೆಟ್ ತಿನ್ನುವ ಸ್ಥಿತಿಗೆ ಬಂದ ಪ್ರಾಣಿ ಆಸ್ಪತ್ರೆಯ ಹಾಸಿಗೆಯ ಮೇಲಿದೆ ಅಂತ ಅರ್ಥ. ನಮ್ಮ ಪಿಕಳಾರ ಇನ್ನೂ ತಾನೇ ಹುಡುಕಿ ತಿನ್ನುತ್ತಿದೆ. ಅದಕ್ಕೆ ಹಣ್ಣಿನ ತಟ್ಟೆ ಇಡಬೇಡಿ. ತಟ್ಟೆ ಇಟ್ಟರೆ ಮೊದಲು ಬರುವುದು ಕೋತಿ. ನಂದಿಯ ಕೋತಿಗಳ ಬಗ್ಗೆ ನಿಮಗೆ ನಾನು ಹೇಳಬೇಕೇ! ಅವು ಬಂದು ನೆಲೆ ನಿಂತರೆ ಗೂಡಿನ ಮೊಟ್ಟೆಗೂ ಕುತ್ತು. ಹಿಡಿದು ಸಾಕಿ ತಳಿ ಮಾಡುವ ಯೋಚನೆಯೂ ಬೇಡ. ಅದಕ್ಕೆ ಕಾನೂನಿನ ಒಪ್ಪಿಗೆಯೂ ಇಲ್ಲ, ಈಗ ಅದರ ಅಗತ್ಯವೂ ಇಲ್ಲ.

ಬೇಕಿರುವುದು ಬೆಟ್ಟವನ್ನು ಬೆಟ್ಟವಾಗಿ ಬಿಡುವುದು. ಇದು ಹೇಳಲು ಸುಲಭ, ಆದರೆ ಒಂದೆರಡು ತೊಡಕಿದೆ. ಬೋಳು ಗುಡ್ಡ ಕಂಡರೆ ನಮಗೆ ಗಿಡ ನೆಡುವ ಹುರುಪು. ಶಾಲೆಯಿಂದ ವನಮಹೋತ್ಸವಕ್ಕೆ ಹೋಗಿ ಗುಂಡುಗಳ ನಡುವಿನ ಪೊದೆ ಸವರಿ, ಗುಂಡಿ ತೋಡಿ, ಉದ್ದ ಮರದ ಸಸಿ ನೆಟ್ಟರೆ ಈ ಹಕ್ಕಿಗೆ ಅನ್ಯಾಯವೇ. ಅದಕ್ಕೆ ಬೇಕಿರುವುದು ನಾವು ಕಸ ಅಂತ ತಿಳಿಯುವ ಆ ಮುಳ್ಳುಪೊದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ನೀಲಗಿರಿ ನೆಟ್ಟು ಏನಾಯಿತೆಂದು ನೋಡಿದ್ದೇವೆ. 2017ರಲ್ಲಿ ಸರ್ಕಾರವೇ ಅದನ್ನು ಬೆಳೆಸುವುದನ್ನು ನಿಷೇಧಿಸಿತು. ನೀಲಗಿರಿ ತೋಪಿನಲ್ಲಿ ಪಿಕಳಾರಕ್ಕೆ ತಿನ್ನಲು ಒಂದು ಹಣ್ಣೂ ಇಲ್ಲ. ನೆಡಲೇಬೇಕೆಂದಿದ್ದರೆ ಬೆಟ್ಟದ ಬುಡದಲ್ಲಿ, ಆಗಲೇ ಹಾಳಾದ ಜಾಗದಲ್ಲಿ, ಬೋರೆ, ಕವಳಿ, ಬಸರಿ ನೆಡಿ.

ಲಂಟಾನ ಇನ್ನೂ ಗೋಜಲು. ಹೊರಗಿನಿಂದ ಬಂದ ಗಿಡ, ನಮ್ಮ ಗಿಡಗಳನ್ನು ಏಳಲು ಬಿಡುವುದಿಲ್ಲ. ಆದರೆ ಪಿಕಳಾರ ಅದರ ಹಣ್ಣನ್ನೂ ತಿನ್ನುತ್ತದೆ. ಒಂದೇ ಸಲ ಇಡೀ ಇಳಿಜಾರು ಬೋಳಿಸಿದರೆ ಹಕ್ಕಿ ಏನು ತಿನ್ನಬೇಕು? ಸ್ವಲ್ಪ ಸ್ವಲ್ಪ ಕಿತ್ತು, ಆ ಜಾಗದಲ್ಲಿ ನಮ್ಮ ಹಣ್ಣಿನ ಪೊದೆ ಎದ್ದ ಮೇಲೆ ಮುಂದಿನ ತುಂಡಿಗೆ ಕೈ ಹಾಕುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಇಡುವ ಅಭ್ಯಾಸದ ಬಗ್ಗೆ ಮಕ್ಕಳು ಮನೆಯಲ್ಲಿ ಮಾತಾಡಲಿ. ಮಕ್ಕಳ ಮಾತನ್ನು ಊರವರು ನಮ್ಮದಕ್ಕಿಂತ ಜಾಸ್ತಿ ಕೇಳುತ್ತಾರೆ.

ನಿಮ್ಮ ಹುಡುಗಿಯ ಪ್ರಾಜೆಕ್ಟ್‌ಗೆ ಒಂದು ಸಲಹೆ. ಶಾಲೆಯ ಸುತ್ತಲಿನ ಗುಡ್ಡಗಳ ಪಟ್ಟಿ ಮಾಡಲಿ. ಪ್ರತಿ ಗುಡ್ಡದ ಮುಂದೆ ಗುಂಡು ಇದೆಯೇ, ಪೊದೆ ಇದೆಯೇ, ಕ್ವಾರಿ ಇದೆಯೇ, ಹಕ್ಕಿ ಕಂಡಿತೇ ಎಂದು ಬರೆಯಲಿ. ಯಾವ ತಿಂಗಳಲ್ಲಿ ಯಾವ ಗಿಡ ಹಣ್ಣು ಬಿಟ್ಟಿತು ಎಂಬುದನ್ನೂ ಗುರುತಿಸಲಿ. ಹಕ್ಕಿ ಕಾಣದಿದ್ದ ಗುಡ್ಡವನ್ನೂ ಬರೆಯಬೇಕು, ಅದೂ ಮಾಹಿತಿಯೇ. ದೊಡ್ಡವರು ಜೊತೆಗಿಲ್ಲದೆ ಕ್ವಾರಿ ಕಡೆ ಹೋಗುವುದು ಬೇಡ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ಎದುರಾಳಿ ಬಂದಿದೆ ಎಂದುಕೊಂಡು ಅದು ಮರಿ, ಗೂಡು ಬಿಟ್ಟು ಬರುತ್ತದೆ. ಗೂಡು ಕಂಡರೆ ದೂರದಿಂದಲೇ ನೋಡಿ ವಾಪಸ್ ಬನ್ನಿ.

ಇನ್ನು ಆ ಚೂಪು ಮೂತಿಯ ಪ್ರಾಣಿ. ಹೊಟ್ಟೆಚೀಲದ ಜಾತಿ ಖಂಡಿತ ಅಲ್ಲ. ಆ ಬಳಗ ಇವತ್ತು ಕಾಡಿನಲ್ಲಿ ಉಳಿದಿರುವುದು ಆಸ್ಟ್ರೇಲಿಯಾ, ನ್ಯೂಗಿನಿ, ಅವುಗಳ ಸುತ್ತಲಿನ ದ್ವೀಪಗಳು ಮತ್ತು ಅಮೆರಿಕ ಖಂಡಗಳಲ್ಲಿ ಮಾತ್ರ. ನೀವು ಹೇಳಿದ ವಿವರ ಮದ್ರಾಸ್ ಟ್ರೀ ಶ್ರೂ ಎಂಬ ಪ್ರಾಣಿಗೆ ಹೊಂದುತ್ತದೆ. ಇದೂ ನಮ್ಮ ದೇಶ ಬಿಟ್ಟು ಬೇರೆಲ್ಲೂ ಇಲ್ಲ. ಅಳಿಲೂ ಅಲ್ಲ, ಮೂಗಿಲಿಯೂ ಅಲ್ಲ, ಇದರದೇ ಬೇರೆ ಗುಂಪು. ಹೆಸರಿನಲ್ಲಿ ಮರ ಇದ್ದರೂ ನೆಲದ ಮೇಲೆ, ಬಂಡೆಗಳ ನಡುವೆ ಹುಳು ಹುಡುಕಿಕೊಂಡು ಓಡಾಡುವುದೇ ಜಾಸ್ತಿ. ಬೆನ್ನ ಮೇಲೆ ಅಳಿಲಿನ ಮೂರು ಪಟ್ಟೆ ಇರುವುದಿಲ್ಲ, ಭುಜದ ಹತ್ತಿರ ಒಂದು ತಿಳಿ ಗೀಟು ಇರುತ್ತದೆ. ಸದ್ಯಕ್ಕೆ ಇದಕ್ಕೆ ಅಂಥ ಅಪಾಯವೇನೂ ಇಲ್ಲವೆಂದು ಪಟ್ಟಿ ಹೇಳುತ್ತದೆ. ಮಕ್ಕಳ ಕೈಗೆ ಫೋಟೊ ಸಿಕ್ಕಿದರೆ ಕಳಿಸಿ. ಮೂತಿ, ಭುಜ ಎರಡೂ ಕಾಣುವಂತಿರಲಿ. ಆಗ ಖಚಿತವಾಗಿ ಹೇಳುತ್ತೇನೆ.